ಮಾವ ತೆರೆದ ಬಾಗಿಲು: ಮಂಗಳೂರಿನ ಮಗಳು, ಹುಬ್ಬಳ್ಳಿಯ ಉಮಾಬಾಯಿ

ಹತ್ತನೇ ತರಗತಿಯ ಫಲಿತಾಂಶ ಬಂದ ವಾರ ನಮ್ಮ ಜಮಾಅತ್‌ಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಫೋಟೋಗಳದ್ದೇ ಸಾಲು. ತೊಂಬತ್ತೈದು ಪರ್ಸೆಂಟ್, ತೊಂಬತ್ತೆಂಟು ಪರ್ಸೆಂಟ್, ಕೆಳಗೆ ಮಾಶಾ ಅಲ್ಲಾಹ್‌ಗಳ ಮಳೆ. ಸಂತೋಷವೇ. ಆದರೆ ಅದೇ ಗಲ್ಲಿಯಲ್ಲಿ, ಎರಡು ಮನೆ ಆಚೆ, ಗಣಿತದಲ್ಲೋ ಇಂಗ್ಲಿಷಿನಲ್ಲೋ ಬಿದ್ದ ಮಕ್ಕಳು ಇರ್ತಾರಲ್ಲ, ಅವರ ಬಗ್ಗೆ ಯಾರೂ ಮಾತೆತ್ತುವುದಿಲ್ಲ. ಹುಡುಗನಾದರೆ ಮಾಮನ ಅಂಗಡಿಗೆ, ಇಲ್ಲವೇ ಪಾಸ್‌ಪೋರ್ಟ್ ಆಫೀಸಿಗೆ. ಹುಡುಗಿಯಾದರೆ ಆರು ತಿಂಗಳು ಟೈಲರಿಂಗ್ ಕ್ಲಾಸು, ಆಮೇಲೆ ಸಂಬಂಧ ನೋಡಲು ಶುರು. ಓದು ಅಲ್ಲಿಗೆ ಮುಗಿಯಿತು ಎಂದು ಮನೆಯವರೂ ಒಪ್ಪಿಕೊಳ್ಳುತ್ತಾರೆ, ಮಕ್ಕಳೂ ಒಪ್ಪಿಕೊಳ್ಳುತ್ತಾರೆ.

ಈ ವಾರ ನಾವು ಹೇಳಲು ಹೊರಟಿರುವುದು ಓದು ಹಾಗೆ ಮುಗಿದೇ ಹೋಗಬೇಕಿದ್ದ ಒಬ್ಬ ಹೆಂಗಸಿನ ಕಥೆ. ಉಮಾಬಾಯಿ ಕುಂದಾಪುರ ಎಂದರೆ ಹುಬ್ಬಳ್ಳಿಯ ಹಿರಿಯರಿಗೆ ಗೊತ್ತು. ಸ್ವಾತಂತ್ರ್ಯ ಹೋರಾಟದ ಪುಸ್ತಕಗಳಲ್ಲಿ ಅವರ ಹೆಸರುಂಟು. ನಮ್ಮ ಕರಾವಳಿಯಲ್ಲೇ ಹುಟ್ಟಿದವರು ಅವರು ಎಂಬುದು ಮಾತ್ರ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಸಾರಸ್ವತ ಮನೆತನದವರ ಕಥೆ ಬ್ಯಾರಿಗಳ ಪುಟದಲ್ಲಿ ಯಾಕೆ ಎಂದು ಕೇಳುವವರು ಇರಬಹುದು. ಸ್ವಲ್ಪ ಓದಿ ನೋಡಿ, ನಿಮ್ಮ ಮನೆಯ ಕಥೆಯ ಹಾಗೆಯೇ ಕಾಣಬಹುದು.

ಮಂಗಳೂರಿನ ಗೋಳಿಕೇರಿ ಕೃಷ್ಣರಾವ್ ಅವರ ಮಗಳಾಗಿ 1892ರಲ್ಲಿ ಅವರು ಹುಟ್ಟಿದರು. ತವರಿನಲ್ಲಿ ಇಟ್ಟ ಹೆಸರು ಭವಾನಿ. ಮನೆಯವರು ಮುಂಬೈಗೆ ಹೋದರು. ಆ ಕಾಲದಲ್ಲಿ ಮಂಗಳೂರಿನಿಂದ ಮುಂಬೈಗೆ ಹೋಗುವುದೆಂದರೆ ಕಡಲ ದಾರಿ. ನಮ್ಮ ಹಿರಿಯರು ಹಂಚು, ಮೆಣಸು, ಒಣಮೀನು ಹಿಡಿದುಕೊಂಡು ಹೋದ ದಾರಿಯೂ ಅದೇ. ಇನ್ನೂ ಆಟ ಆಡುವ ಪ್ರಾಯದಲ್ಲೇ ಭವಾನಿಗೆ ಮದುವೆಯಾಯಿತು. ಗಂಡ ಸಂಜೀವರಾವ್ ಕುಂದಾಪುರ. ಮದುವೆಯೊಂದಿಗೆ ಹೆಸರೂ ಬದಲಾಗಿ ಭವಾನಿ ಉಮಾಬಾಯಿಯಾದಳು. ಹುಡುಗಿಯರ ಮದುವೆಗೆ ಕನಿಷ್ಠ 14 ವರ್ಷ ಎಂದು ಹೇಳಿದ ಶಾರದಾ ಕಾಯ್ದೆ ಬಂದದ್ದೇ 1929ರಲ್ಲಿ, ಎಷ್ಟೋ ವರ್ಷಗಳ ನಂತರ. ಆದ್ದರಿಂದ ಆ ಮದುವೆಯಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇರಲಿಲ್ಲ.

ಆಶ್ಚರ್ಯವೇನಿದ್ದರೂ ಗಂಡನ ಮನೆಯಲ್ಲಿ ಕಾದಿತ್ತು. ಮಾವ ಆನಂದರಾವ್ ಕುಂದಾಪುರ ಹೆಣ್ಣುಮಕ್ಕಳ ಓದಿನ ಬಗ್ಗೆ ಗಟ್ಟಿ ನಂಬಿಕೆ ಇದ್ದವರು. ಮನೆಗೆ ಬಂದ ಎಳೆಯ ಸೊಸೆಯನ್ನು ಅಡುಗೆಮನೆಗೆ ಮಾತ್ರ ಬಿಡದೆ ಪುಸ್ತಕದ ಮುಂದೆ ಕೂರಿಸಿದರು. ಮದುವೆಯಾದ ಮೇಲೆ ಓದಿ, ಉಮಾಬಾಯಿ ಮೆಟ್ರಿಕ್ ಪಾಸು ಮಾಡಿದರು. ಇಂದಿನ ಲೆಕ್ಕದಲ್ಲಿ ಹತ್ತನೇ ತರಗತಿ. ಆದರೆ ನೂರು ವರ್ಷಕ್ಕೂ ಹಿಂದೆ, ಮದುವೆಯಾದ ಹೆಣ್ಣೊಬ್ಬಳು ಮೆಟ್ರಿಕ್ ಪಾಸಾಗುವುದೆಂದರೆ ಇಂದಿನ ಪಿಎಚ್‌ಡಿಗಿಂತ ದೊಡ್ಡ ಸಂಗತಿ.

ಇಲ್ಲಿ ಸ್ವಲ್ಪ ನಿಲ್ಲೋಣ. ನಮ್ಮಲ್ಲಿ ನಿಕಾಹ್ ಮಾತುಕತೆಯ ಹೊತ್ತಿನಲ್ಲಿ ಹುಡುಗಿಯ ಓದಿನ ಬಗ್ಗೆ ಒಂದು ಮಾತು ಬಂದೇ ಬರುತ್ತದೆ. ಮದುವೆಯಾದ ಮೇಲೂ ಓದಬಹುದು, ನಮ್ಮದೇನೂ ಅಡ್ಡಿಯಿಲ್ಲ ಎಂದು ಹುಡುಗನ ಕಡೆಯವರು ಹೇಳುತ್ತಾರೆ. ಎಷ್ಟು ಮನೆಗಳಲ್ಲಿ ಆ ಮಾತು ಉಳಿಯಿತು ಎಂಬುದನ್ನು ಓದುಗರೇ ತಮ್ಮ ಕುಟುಂಬದಲ್ಲಿ ಎಣಿಸಿ ನೋಡಬಹುದು. ಅಡ್ಡಿ ಮಾಡದೆ ಇರುವುದಕ್ಕೂ ಪುಸ್ತಕ ತಂದುಕೊಟ್ಟು, ಪರೀಕ್ಷೆಯ ಫೀಸು ಕಟ್ಟಿ, ಸಾಯಂಕಾಲದ ಕೆಲಸದಿಂದ ಬಿಡುವು ಕೊಡುವುದಕ್ಕೂ ತುಂಬಾ ವ್ಯತ್ಯಾಸ ಉಂಟು. ಆನಂದರಾವ್ ಎರಡನೆಯದನ್ನು ಮಾಡಿದವರು.

ಅದೇ ಕಾಲಕ್ಕೆ ಬಂಗಾಳದಲ್ಲಿ ಇಂಥದ್ದೇ ಇನ್ನೊಂದು ಕಥೆ ನಡೆಯುತ್ತಿತ್ತು. ರುಕಿಯಾ ಸಖಾವತ್ ಹುಸೈನ್ ಹೆಸರನ್ನು ನಮ್ಮ ಹೆಣ್ಣುಮಕ್ಕಳು ಕೇಳಿರಬೇಕು. ಅವರಿಗೆ ಅಣ್ಣ ಮನೆಯಲ್ಲೇ ಗುಟ್ಟಾಗಿ ಓದು ಕಲಿಸಿದರು, ಗಂಡ ಅದನ್ನು ಮುಂದುವರಿಸಿದರು. ಗಂಡ ತೀರಿಹೋದ ಮೇಲೆ 1909ರಲ್ಲಿ ಭಾಗಲ್ಪುರದಲ್ಲಿ ಐದು ಮಕ್ಕಳಿಂದ ಮುಸ್ಲಿಂ ಹೆಣ್ಣುಮಕ್ಕಳ ಶಾಲೆ ಶುರು ಮಾಡಿ, 1911ರಲ್ಲಿ ಕಲ್ಕತ್ತಾಗೆ ಬಂದು ಎಂಟು ಮಕ್ಕಳಿಂದ ಅದನ್ನೇ ಮತ್ತೆ ಕಟ್ಟಿದವರು ಅವರು. ಮನೆ ಮನೆಯ ಬಾಗಿಲು ತಟ್ಟಿ, ನಿಮ್ಮ ಮಗಳನ್ನು ಕಳಿಸಿಕೊಡಿ ಎಂದು ಉಮ್ಮಂದಿರನ್ನು ಒಪ್ಪಿಸಬೇಕಾಗಿತ್ತು. ರುಕಿಯಾಗೆ ಅಣ್ಣ ಮತ್ತು ಗಂಡ, ಉಮಾಬಾಯಿಗೆ ಮಾವ. ಮನೆಯೊಳಗಿನ ಒಬ್ಬ ಗಂಡಸು ಬಾಗಿಲು ತೆರೆಯದೆ ಆ ಕಾಲದಲ್ಲಿ ಯಾವ ಶಾಲೆಯ ಬಾಗಿಲೂ ಅವರಿಗೆ ತೆರೆಯುತ್ತಿರಲಿಲ್ಲ. ಈಗ ಕಾಲ ಬದಲಾಗಿದೆ ಎನ್ನುತ್ತೇವೆ. ಬದಲಾಗಿದೆ, ಆದರೆ ಅಷ್ಟೇನೂ ಅಲ್ಲ.

ಮೆಟ್ರಿಕ್ ಮುಗಿಸಿದ ಸೊಸೆಯನ್ನು ಜೊತೆಗಿಟ್ಟುಕೊಂಡು ಆನಂದರಾವ್ ಮುಂಬೈಯ ಗಾಮದೇವಿಯ ಹೆಂಗಸರ ಸಂಘದಲ್ಲಿ ಪಾಠದ ಕೆಲಸಕ್ಕೆ ಇಳಿದರು. ಶಾಲೆಯ ವಯಸ್ಸು ದಾಟಿದ, ಮಕ್ಕಳ ತಾಯಂದಿರಾದ ಹೆಂಗಸರಿಗೆ ಓದು ಬರಹ. ಮುಂಬೈ ಪ್ರಾಂತದಲ್ಲಿ ಆಗ ಇಂಥ ಪ್ರಯತ್ನಗಳಿಗೆ ಒಂದು ಹವಾ ಇತ್ತು. ಪುಣೆಯ ಹತ್ತಿರ ಕರ್ವೆಯವರು ವಿಧವೆಯರಿಗಾಗಿ ಆಶ್ರಮ ಕಟ್ಟಿ ಓದಿಸುತ್ತಿದ್ದರು. ಪುಣೆಯ ಸೇವಾಸದನದಲ್ಲಿ ರಮಾಬಾಯಿ ರಾನಡೆಯವರು ದೊಡ್ಡ ಹೆಂಗಸರಿಗೆ ಪಾಠವನ್ನೂ ಕಸುಬನ್ನೂ ಒಟ್ಟಿಗೆ ಹೇಳಿಕೊಡುವ ವ್ಯವಸ್ಥೆ ಮಾಡಿದ್ದರು. ಮಾಮೂಲಿ ಶಾಲೆಗೆ ಹೋಗಲಾಗದವರಿಗೆ ಬೇರೆ ಥರದ ಶಾಲೆ ಬೇಕು ಎಂಬ ಮಾತು ಇವತ್ತಿನದ್ದಲ್ಲ ಮಾರಾಯ್ರೆ, ನೂರಿಪ್ಪತ್ತು ವರ್ಷ ಹಳೆಯದು.

1920ರ ಆಗಸ್ಟ್ 1ರಂದು ಮುಂಬೈಯಲ್ಲಿ ಬಾಲಗಂಗಾಧರ ತಿಲಕರು ತೀರಿಕೊಂಡರು. ಅವರ ಅಂತಿಮ ಯಾತ್ರೆಗೆ ಸೇರಿದ ಜನಸಾಗರ ಉಮಾಬಾಯಿಯವರನ್ನು ಅಲ್ಲಾಡಿಸಿಬಿಟ್ಟಿತು. ಕಾಂಗ್ರೆಸ್ಸಿಗೆ ಸೇರಿದರು, ಖಾದಿ ಉಟ್ಟರು, ಮನೆ ಮನೆಗೆ ಹೋಗಿ ಸ್ವದೇಶಿಯ ಪ್ರಚಾರ ಮಾಡಿದರು. ಖಿಲಾಫತ್ ಚಳವಳಿಗಾಗಿ ನಮ್ಮ ಊರುಗಳ ಮಸೀದಿಗಳಲ್ಲೂ ಚಂದಾ ಎತ್ತುತ್ತಿದ್ದ ಕಾಲ ಅದು.

ಮೂರು ವರ್ಷಕ್ಕೆ ಮನೆಯೇ ಕುಸಿಯಿತು. 1923ರಲ್ಲಿ ಗಂಡ ಸಂಜೀವರಾವ್ ಕ್ಷಯದಿಂದ ತೀರಿಹೋದರು. ನಮ್ಮಲ್ಲಿ ಗಂಡ ತೀರಿದ ಹೆಣ್ಣಿಗೆ ಇದ್ದತ್ ನಾಲ್ಕು ತಿಂಗಳು ಹತ್ತು ದಿವಸ. ಆಮೇಲೆ ಅವಳು ತನ್ನ ಬದುಕಿಗೆ ಹಿಂತಿರುಗಬಹುದು, ಮರುಮದುವೆಯೂ ಆಗಬಹುದು. ಆ ದಿನಗಳ ಮೇಲ್ಜಾತಿ ಹಿಂದೂ ಮನೆಗಳಲ್ಲಿ ವಿಧವೆಯ ಕಟ್ಟುಪಾಡಿಗೆ ಕೊನೆಯ ತಾರೀಕು ಎಂಬುದೇ ಇರಲಿಲ್ಲ. ಒಳಕೋಣೆಯಲ್ಲಿ ಕೂತರೆ ಕೂತ ಹಾಗೆಯೇ. ಇಲ್ಲಿ ಮತ್ತೆ ಆನಂದರಾವ್ ಮುಂದೆ ಬಂದರು. ಮಗನನ್ನು ಕಳೆದುಕೊಂಡ ಆ ತಂದೆ ಸೊಸೆಯನ್ನು ಕರೆದುಕೊಂಡು ಮುಂಬೈ ಬಿಟ್ಟು ಹುಬ್ಬಳ್ಳಿಗೆ ಬಂದರು. ಅಲ್ಲಿ ಕರ್ನಾಟಕ ಪ್ರೆಸ್ ಎಂಬ ಮುದ್ರಣಾಲಯ ನಡೆಯಿತು. ಸೊಸೆ ಹೊರಗೆ ಕೆಲಸ ಮಾಡಬೇಕು ಎಂಬುದು ಮಾವನದೇ ಇಚ್ಛೆ.

ಹುಬ್ಬಳ್ಳಿ ಆಗ ಮುಂಬೈ ಪ್ರಾಂತದ ಊರು, ಮಂಗಳೂರು ಮದರಾಸು ಪ್ರಾಂತದ್ದು. ಭಾಷೆ ಒಂದೇ ಆದರೂ ಸರಕಾರ ಬೇರೆ. ಹತ್ತಿ ವ್ಯಾಪಾರ, ರೈಲ್ವೆ ವರ್ಕ್‌ಶಾಪು, ಗಿರಣಿ ಎಂದು ದುಡಿಯುವ ಜನ ತುಂಬಿದ ಪೇಟೆ. ದುಡಿಯುವ ಮನೆಯ ಹುಡುಗಿಯರ ಓದು ತಮ್ಮ ತಂಗಿಯರನ್ನು ಎತ್ತಿಕೊಳ್ಳುವ ಪ್ರಾಯಕ್ಕೆ ನಿಂತುಹೋಗುವ ಕಾಲ. ಇಲ್ಲಿ ಉಮಾಬಾಯಿ ಭಗಿನಿ ಮಂಡಲ ಕಟ್ಟಿದರು. ಊರಿನ ಹೆಂಗಸರನ್ನು ಮನೆಯಿಂದ ಹೊರಗೆ ತರುವುದೇ ಅದರ ಕೆಲಸ. ಅದೇ ಹುಬ್ಬಳ್ಳಿಯಲ್ಲಿ ಡಾಕ್ಟರ್ ನಾ.ಸು. ಹರ್ಡೀಕರ್ ಇದ್ದರು. ಅಮೆರಿಕದಲ್ಲಿ ಓದಿ, ಲಾಲಾ ಲಜಪತ್ ರಾಯ್ ಅವರ ಜೊತೆ ಅಲ್ಲೇ ಕೆಲಸ ಮಾಡಿ ಬಂದವರು. ಯುವಕರಿಗೆ ಶಿಸ್ತು ಮತ್ತು ಸೇವೆ ಕಲಿಸಬೇಕೆಂದು ಹಟ ಹಿಡಿದವರು. ಹೆಣ್ಣುಮಕ್ಕಳ ತಿಲಕ ಕನ್ಯಾಶಾಲೆಯ ಹೊಣೆ ಉಮಾಬಾಯಿಯವರ ಹೆಗಲಿಗೆ ಬಂತು.

ಈ ಶಾಲೆ ರಾಷ್ಟ್ರೀಯ ಶಾಲೆಗಳ ಸಾಲಿಗೆ ಸೇರಿದ್ದು. ಅಸಹಕಾರ ಚಳವಳಿಯ ಕರೆಗೆ ಸಾವಿರಾರು ಮಕ್ಕಳು ಸರಕಾರಿ ಶಾಲೆ ಬಿಟ್ಟು ಬಂದಾಗ, ಬಿಟ್ಟು ಬಂದವರು ಬೀದಿಯಲ್ಲಿ ನಿಲ್ಲಬಾರದು ಎಂದು ದೇಶದ ಎಲ್ಲ ಕಡೆ ಇಂಥ ಶಾಲೆಗಳು ಹುಟ್ಟಿದವು. ಅಲಿಗಢದಲ್ಲಿ 1920ರಲ್ಲಿ ಜಾಮಿಯಾ ಮಿಲ್ಲಿಯಾ ಹುಟ್ಟಿದ್ದೂ ಇದೇ ಕರೆಯಿಂದ. ಪಾಠದ ಜೊತೆ ನೂಲುವುದು, ನೇಯುವುದು, ಕೈಕೆಲಸ ಇಂಥ ಶಾಲೆಗಳ ಸಾಮಾನ್ಯ ಕ್ರಮ. ಸರಕಾರದ ಸರ್ಟಿಫಿಕೇಟು ಸಿಗುವುದಿಲ್ಲ ಎಂಬುದು ಗೊತ್ತಿದ್ದೇ ಮನೆಯವರು ಮಕ್ಕಳನ್ನು ಕಳಿಸುತ್ತಿದ್ದರು. ಈ ಒಂದು ವಿಷಯದಲ್ಲಿ ನಮಗೆ ಸ್ವಲ್ಪ ಅಳುಕೂ ಉಂಟು. ಇಂಥ ಶಾಲೆಗಳಲ್ಲಿ ಹೆಚ್ಚಿನವು ಕೆಲವೇ ವರ್ಷಗಳಲ್ಲಿ ಮುಚ್ಚಿಹೋದವು, ಸರ್ಟಿಫಿಕೇಟಿಲ್ಲದೆ ಉಳಿದ ಮಕ್ಕಳಿಗೆ ಮುಂದೆ ಕಷ್ಟವಾಗಿರಲೇಬೇಕು. ಬೇರೆ ದಾರಿ ಎಂದು ಹೇಳಿ ಮಕ್ಕಳನ್ನು ಕರೆದೊಯ್ಯುವವರು ಆ ದಾರಿ ಎಲ್ಲಿಗೆ ಮುಟ್ಟುತ್ತದೆ ಎಂದು ಹೇಳಲೇಬೇಕಾಗುತ್ತದೆ. ಇವತ್ತಿಗೂ ಹಾಗೆಯೇ.

1923ರ ಡಿಸೆಂಬರಿನಲ್ಲಿ ಕಾಕಿನಾಡದಲ್ಲಿ ಮೌಲಾನಾ ಮುಹಮ್ಮದ್ ಅಲಿ ಅಧ್ಯಕ್ಷರಾಗಿದ್ದ ಕಾಂಗ್ರೆಸ್ ಅಧಿವೇಶನದಲ್ಲಿ ಹರ್ಡೀಕರರ ಹಿಂದೂಸ್ತಾನಿ ಸೇವಾದಳಕ್ಕೆ ರೂಪ ಸಿಕ್ಕಿತು. ಅದರ ಮಹಿಳಾ ವಿಭಾಗದ ಮುಂದಾಳುತನ ಉಮಾಬಾಯಿಯವರಿಗೆ. ಮರುವರ್ಷ ಬೆಳಗಾವಿಯಲ್ಲಿ ಅಧಿವೇಶನ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು. ಅದಕ್ಕಾಗಿ ಉಮಾಬಾಯಿ ಊರೂರು ತಿರುಗಿ ನೂರೈವತ್ತಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಕೂಡಿಸಿದರು. ಅವರಲ್ಲಿ ವಿಧವೆಯರೂ ಇದ್ದರು, ಹೊಸಿಲು ದಾಟಿ ಗೊತ್ತಿಲ್ಲದವರೂ ಇದ್ದರು. ಸಾವಿರಾರು ಜನ ಸೇರುವ ಕಡೆ ನೀರು, ಅನ್ನ, ನೈರ್ಮಲ್ಯ, ಕಾವಲು ನೋಡಿಕೊಳ್ಳುವ ಕೆಲಸ ಅವರಿಗೆ. ಮನೆಯಲ್ಲಿ ಯಾರೂ ಎಣಿಕೆಗೆ ತೆಗೆದುಕೊಳ್ಳದ ಹೆಂಗಸರಿಗೆ ಇಷ್ಟು ದೊಡ್ಡ ಹೊಣೆ ಕೊಟ್ಟರೆ ಅವರು ಅದನ್ನು ಹೊರುತ್ತಾರೆ ಎಂದು ಆ ಡಿಸೆಂಬರಿನಲ್ಲಿ ತಿಳಿಯಿತು. ನಮ್ಮ ಮಂಗಳೂರಿನಲ್ಲೇ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರೂ ಸೇವಾದಳದಲ್ಲಿ ದುಡಿದವರು. ಅವರೂ ಎಳೆಯ ಪ್ರಾಯದಲ್ಲಿ ಮದುವೆಯಾಗಿ, ವಿಧವೆಯಾಗಿ, ಮತ್ತೆ ಓದಿಗೆ ಹಿಂತಿರುಗಿದವರು. ಕರಾವಳಿಯ ಇಬ್ಬರು ಹುಡುಗಿಯರ ಕಥೆ ಹೀಗೆ ಒಂದೇ ದಾರಿಯಲ್ಲಿ ಸಾಗಿದ್ದು ನಮಗಂತೂ ಕುತೂಹಲದ ವಿಷಯ.

1932ರಲ್ಲಿ ಸರಕಾರ ಉಮಾಬಾಯಿಯವರನ್ನು ಬಂಧಿಸಿ ಯರವಡಾ ಜೈಲಿಗೆ ಕಳಿಸಿತು. ನಾಲ್ಕು ತಿಂಗಳ ಸೆರೆ. ಒಳಗಿದ್ದಾಗಲೇ ಸುದ್ದಿ ಬಂತು, ಮಾವ ಆನಂದರಾವ್ ಇನ್ನಿಲ್ಲ. ಅದೇ ಜೈಲಿನಲ್ಲಿದ್ದ ಸರೋಜಿನಿ ನಾಯ್ಡು ಅವರನ್ನು ಸಮಾಧಾನಪಡಿಸಿದರು ಎನ್ನುತ್ತಾರೆ. ತಂದೆಗಿಂತ ಹೆಚ್ಚಾಗಿದ್ದವರ ಮುಖ ಕಡೆಗೊಮ್ಮೆ ನೋಡಲೂ ಆಗಲಿಲ್ಲ. ಬಿಡುಗಡೆಯಾಗಿ ಹುಬ್ಬಳ್ಳಿಗೆ ಬಂದರೆ ಅಲ್ಲಿ ಏನೂ ಉಳಿದಿಲ್ಲ. ಕರ್ನಾಟಕ ಪ್ರೆಸ್ ಸರಕಾರದ ಜಪ್ತಿಗೆ ಹೋಗಿತ್ತು. ಕನ್ಯಾಶಾಲೆಗೆ ಸೀಲು ಬಿದ್ದಿತ್ತು. ಭಗಿನಿ ಮಂಡಲ ಕಾನೂನುಬಾಹಿರ ಎಂದು ಘೋಷಣೆಯಾಗಿತ್ತು. ಗಂಡ ಇಲ್ಲ, ಮಾವ ಇಲ್ಲ, ದುಡಿಮೆ ಇಲ್ಲ, ಶಾಲೆ ಇಲ್ಲ. ನಲವತ್ತರ ಪ್ರಾಯ.

ಉಳಿದದ್ದು ಒಂದು ಸಣ್ಣ ಮನೆ. ಜೈಲಿನಿಂದ ಹೊರಬಂದ ಎಷ್ಟೋ ಹೆಂಗಸರಿಗೆ ಆಗ ಅದೂ ಇರಲಿಲ್ಲ. ಚಳವಳಿಗೆ ಹೋದವಳು, ಸೆರೆಮನೆಯಲ್ಲಿ ಮಲಗಿ ಎದ್ದವಳು ಎಂದು ಮನೆಯವರು ಬಾಗಿಲು ಮುಚ್ಚಿದ್ದರು. ಊರಿಗೆ ಹೋಗಲು ಕೈಯಲ್ಲಿ ಕಾಸಿಲ್ಲ. ಅಂಥವರಿಗೆಲ್ಲ ಉಮಾಬಾಯಿಯವರ ಮನೆಯೇ ತವರಾಯಿತು. ಶಾಲೆಯ ಬೀಗ ತೆಗೆಸಲು ಅವರು ಕಾಯುತ್ತಾ ಕೂರಲಿಲ್ಲ. 1934ರ ಜನವರಿಯಲ್ಲಿ ಬಿಹಾರದಲ್ಲಿ ಭೂಕಂಪವಾದಾಗ ಸ್ವಯಂಸೇವಕರ ಜೊತೆ ಅಲ್ಲಿಗೆ ಹೋಗಿ ಪರಿಹಾರದ ಶಿಬಿರಗಳಲ್ಲಿ ಹಗಲಿರುಳು ದುಡಿದರು. ಬಾಬು ರಾಜೇಂದ್ರ ಪ್ರಸಾದರ ಪರಿಚಯವಾದದ್ದು ಅಲ್ಲೇ. 1942ರ ಚಳವಳಿಯ ಹೊತ್ತಿಗೆ ಆರೋಗ್ಯ ಕೈಕೊಟ್ಟಿತ್ತು. ಆದರೂ ರಾತ್ರಿ ಹೊತ್ತು ಬಾಗಿಲು ತಟ್ಟುವ ಭೂಗತ ಕಾರ್ಯಕರ್ತರಿಗೆ ಊಟವೂ ಆಸರೆಯೂ ಆ ಮನೆಯಲ್ಲಿ ಸಿಗುತ್ತಿತ್ತು.

ನಮ್ಮ ಲೆಕ್ಕದಲ್ಲಿ ಅವರ ಬದುಕಿನ ದೊಡ್ಡ ಕೆಲಸ ಶುರುವಾದದ್ದು ಇದಾದ ಮೇಲೆ. 1944ರ ಫೆಬ್ರವರಿಯಲ್ಲಿ ಪುಣೆಯ ಆಗಾ ಖಾನ್ ಅರಮನೆಯ ಸೆರೆಯಲ್ಲಿ ಕಸ್ತೂರಬಾ ತೀರಿಕೊಂಡರು. ಅವರ ನೆನಪಿಗೆ ದೇಶವಿಡೀ ನಿಧಿ ಕೂಡಿಸಿತು. 75 ಲಕ್ಷ ರೂಪಾಯಿ ಎಂದು ಹೊರಟದ್ದು ಕೋಟಿ ದಾಟಿತು. ಆ ಹಣ ಹಳ್ಳಿಯ ಹೆಂಗಸರಿಗೆ ಮತ್ತು ಮಕ್ಕಳಿಗೆ ಮಾತ್ರ ಎಂದು ಗಾಂಧೀಜಿ ಕಟ್ಟುನಿಟ್ಟು ಮಾಡಿದರು. 1946ರಲ್ಲಿ ಕಸ್ತೂರಬಾ ಟ್ರಸ್ಟಿನ ಕರ್ನಾಟಕ ಶಾಖೆಯ ಹೊಣೆಯನ್ನು ಅವರು ಉಮಾಬಾಯಿಯವರಿಗೆ ಒಪ್ಪಿಸಿದರು.

ಹಳ್ಳಿಗೆ ಹೋಗಿ ಕೆಲಸ ಮಾಡುವ ಹೆಂಗಸರು ಬೇಕು. ಎಲ್ಲಿಂದ ತರುವುದು? ಪೇಟೆಯ ಓದಿದ ಹುಡುಗಿಯರು ಹಳ್ಳಿಗೆ ಬರುವುದಿಲ್ಲ. ಹಳ್ಳಿಯಲ್ಲಿ ಇದ್ದವರಿಗೆ ಓದಿಲ್ಲ. ಉಮಾಬಾಯಿ ಹಳ್ಳಿಗಳನ್ನು ಸುತ್ತಿ, ಗಂಡ ತೀರಿಹೋದವರು, ಮನೆಯಲ್ಲಿ ಹೊರೆ ಎನಿಸಿಕೊಂಡವರು, ಓದು ಅರ್ಧಕ್ಕೆ ಬಿಟ್ಟವರು ಇಂಥವರನ್ನೇ ಹುಡುಕಿದರು. ಅವರಿಗೆ ಗ್ರಾಮಸೇವಿಕೆಯರ ತರಬೇತಿ. ಬಾಣಂತಿಯ ಆರೈಕೆ, ಮಕ್ಕಳ ಪೋಷಣೆ, ಶುಚಿತ್ವ, ಬಾಲವಾಡಿ ನಡೆಸುವುದು, ನೂಲುವುದು. ಶಾಲೆಯ ಬೆಂಚಿನ ಮೇಲೆ ಕೂತು ಕಲಿಯಲಾಗದೆ ಹೋದವರು ಕೈಯಲ್ಲಿ ಮಾಡುತ್ತಾ ಕಲಿತರು. ಕಲಿತದ್ದು ಹೊಟ್ಟೆಗೂ ಆಯಿತು, ಊರಿಗೂ ಆಯಿತು. ನಿನ್ನೆ ತನಕ ಅಪಶಕುನ ಎನಿಸಿಕೊಂಡವಳು ಇವತ್ತು ಊರಿನ ಮಕ್ಕಳನ್ನೆಲ್ಲ ಕೂಡಿಸಿಕೊಂಡು ಬಾಲವಾಡಿ ನಡೆಸುತ್ತಾಳೆ. ಊರಿನ ಹೆಂಗಸರಿಗೆ ಹೆರಿಗೆ ನೋವು ಬಂದರೆ ಅವಳನ್ನೇ ಕರೆಯುತ್ತಾರೆ.

ಇದೇ ಯೋಚನೆಯನ್ನು ಹೈಸ್ಕೂಲು ಪರೀಕ್ಷೆಯವರೆಗೆ ಒಯ್ದವರು ದುರ್ಗಾಬಾಯಿ ದೇಶಮುಖ್. ಮದರಾಸಿನ ತಮ್ಮ ಆಂಧ್ರ ಮಹಿಳಾ ಸಭಾದಲ್ಲಿ ಓದು ಬಿಟ್ಟ ಹೆಂಗಸರನ್ನು ಬನಾರಸ್ ವಿಶ್ವವಿದ್ಯಾಲಯದ ಮೆಟ್ರಿಕ್ ಪರೀಕ್ಷೆಗೆ ತಯಾರು ಮಾಡುತ್ತಿದ್ದರು. ಅವರು ಅಧ್ಯಕ್ಷೆಯಾಗಿದ್ದ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಇದನ್ನೇ 1958ರಲ್ಲಿ ದೇಶದ ಯೋಜನೆಯನ್ನಾಗಿ ಮಾಡಿತು. ಎಂಟು ಹತ್ತು ವರ್ಷದ ಪಾಠವನ್ನು ಎರಡು ವರ್ಷಕ್ಕೆ ಇಳಿಸಿ ಹೇಳಿಕೊಡುವ ಕ್ರಮ. ಹಾಗೆ ಓದಿ ನರ್ಸ್ ಆದವರು, ಟೀಚರ್ ಆದವರು ನಮ್ಮ ರಾಜ್ಯದಲ್ಲೂ ಇದ್ದಾರೆ.

ಈಗಿನ ದಾರಿಗಳನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಈ ಕಥೆ ಓದಿದ ಯಾವುದಾದರೂ ಉಮ್ಮ ಕೇಳದೇ ಇರಲಾರರು. ಕಸ್ತೂರಬಾ ಹೆಸರಿನಲ್ಲೇ ಕೇಂದ್ರ ಸರಕಾರ 2004ರಲ್ಲಿ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳನ್ನು ಶುರು ಮಾಡಿತು. ಶಾಲೆ ಬಿಟ್ಟ ಹೆಣ್ಣುಮಕ್ಕಳಿಗೆ ಊಟ ವಸತಿಯ ಶಾಲೆಗಳು ಇವು. ನೂರರಲ್ಲಿ 75 ಸೀಟು ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ಮಕ್ಕಳಿಗೆ. ಹಿಂದುಳಿದ ತಾಲೂಕುಗಳಲ್ಲಿ ಮಾತ್ರ ಇರುವುದರಿಂದ ನಮ್ಮ ಕರಾವಳಿಯವರಿಗೆ ಹೆಚ್ಚು ಪರಿಚಯವಿಲ್ಲ. ಮನೆಯಲ್ಲಿದ್ದೇ ಓದುವವರಿಗೆ ರಾಷ್ಟ್ರೀಯ ಮುಕ್ತ ಶಾಲೆ ಉಂಟು, ಎನ್‌ಐಒಎಸ್ ಎಂದು ಕರೆಯುವುದು. 14 ವರ್ಷ ತುಂಬಿದವರು ಹತ್ತನೇ ತರಗತಿಗೆ ಸೇರಬಹುದು. ಐದು ವಿಷಯ ಆರಿಸಿಕೊಂಡು, ಐದು ವರ್ಷದೊಳಗೆ ಒಂಬತ್ತು ಸಲ ಪರೀಕ್ಷೆ ಬರೆಯಲು ಅವಕಾಶ. ಒಂದೊಂದೇ ವಿಷಯ ಪಾಸು ಮಾಡಿಕೊಂಡು ಹೋಗಬಹುದು. ಎಸ್ಸೆಸ್ಸೆಲ್ಸಿಯಲ್ಲಿ ಬಿದ್ದವರು ಪಾಸಾದ ಎರಡು ವಿಷಯಗಳ ಅಂಕವನ್ನು ಅಲ್ಲಿಗೆ ವರ್ಗಾಯಿಸಿಕೊಳ್ಳಲೂ ಬರುತ್ತದೆ. ಮಗು ಕೈಯಲ್ಲಿದ್ದವಳೂ ಬರೆಯಬಹುದು, ಅಂಗಡಿಯಲ್ಲಿ ದುಡಿಯುವವನೂ ಬರೆಯಬಹುದು. ನಮ್ಮ ಕೆಲವು ಶರೀಅತ್ ಕಾಲೇಜುಗಳಲ್ಲಿ ಹೆಣ್ಣುಮಕ್ಕಳು ದೀನೀ ಪಾಠದ ಜೊತೆ ಪಿಯುಸಿಯನ್ನೂ ಮುಗಿಸುತ್ತಿದ್ದಾರೆ. ಅಲ್ಲಿನ ಉಸ್ತಾದರು ಹತ್ತನೇ ತರಗತಿಯಲ್ಲಿ ಬಿದ್ದವರ ಕಡೆಗೂ ಒಂದು ಕಣ್ಣು ಹಾಯಿಸಿದರೆ ಚೆಂದ.

ಸ್ವಾತಂತ್ರ್ಯ ಬಂದ ಮೇಲೆ ಉಮಾಬಾಯಿಯವರ ಕಥೆಯಲ್ಲಿ ಹೇಳಲು ಹೆಚ್ಚೇನೂ ಇಲ್ಲ, ಯಾಕೆಂದರೆ ಅವರು ಏನನ್ನೂ ತೆಗೆದುಕೊಳ್ಳಲಿಲ್ಲ. ಜೊತೆಯಲ್ಲಿ ಜೈಲಿಗೆ ಹೋದವರು ದೊಡ್ಡ ದೊಡ್ಡ ಹುದ್ದೆಗಳಿಗೆ ಏರಿದರು. ಇವರು ಹುದ್ದೆ ಬೇಡ ಎಂದರು, ಪ್ರಶಸ್ತಿ ಬೇಡ ಎಂದರು. ಸ್ವಾತಂತ್ರ್ಯ ಹೋರಾಟಗಾರರಿಗೆ ಸರಕಾರ ಕೊಡುವ ತಾಮ್ರಪತ್ರವನ್ನೂ ಪಿಂಚಣಿಯನ್ನೂ ತೆಗೆದುಕೊಳ್ಳಲಿಲ್ಲ. ಚುನಾವಣೆಯ ಗದ್ದಲದಿಂದ ದೂರ, ಹುಬ್ಬಳ್ಳಿಯ ಸಣ್ಣ ಮನೆಯಲ್ಲಿ ಬದುಕಿದರು. ಮಂಗಳೂರಿನಲ್ಲಿ ಹುಟ್ಟಿದ ಹುಡುಗಿ ಘಟ್ಟದ ಮೇಲಿನ ಊರನ್ನೇ ತನ್ನದಾಗಿ ಮಾಡಿಕೊಂಡು, 1992ರಲ್ಲಿ, ನೂರರ ಹೊಸ್ತಿಲಲ್ಲಿ ಅಲ್ಲೇ ಕಣ್ಣು ಮುಚ್ಚಿದರು. ವ್ಯಾಪಾರಕ್ಕೆಂದು, ಓದಿಗೆಂದು ಹುಬ್ಬಳ್ಳಿ ಧಾರವಾಡಕ್ಕೆ ಹೋಗಿ ನೆಲೆಸಿದ ನಮ್ಮವರಿಗೆ ಆ ಊರಿನ ಬೀದಿಗಳು ಚೆನ್ನಾಗಿ ಗೊತ್ತು. ಈ ಮನೆಯ ಸುದ್ದಿ ಗೊತ್ತಿದ್ದವರು ಕಡಿಮೆ.

ಆ ಮನೆಗೆ ಅವರು ತಮ್ಮ ಹೆಸರನ್ನೂ ಇಡಲಿಲ್ಲ, ಗಂಡನ ಹೆಸರನ್ನೂ ಇಡಲಿಲ್ಲ. ಎಳೆಯ ಸೊಸೆಯ ಕೈಗೆ ಪುಸ್ತಕ ಕೊಟ್ಟ ಮಾವನ ನೆನಪಿಗೆ ಅದನ್ನು ಆನಂದ ಸ್ಮೃತಿ ಎಂದು ಕರೆದರು.